ತಲೆಗೆ ಮ್ಯಾಗ್ನೆಟ್ ಹಿಡಿದರೆ ಅಪ್ಪನ ಬಾಗಿದ ಬೆನ್ನು ನೆಟ್ಟಗಾಗುತ್ತಾ?

ಪ್ರಶ್ನೆ (ಗಂಗಾವತಿಯಿಂದ):
ನಮಸ್ಕಾರ ಮೇಡಂ. ನಮ್ಮಪ್ಪನಿಗೆ 67 ವರ್ಷ. ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಿದ್ದರು. ಪಾರ್ಕಿನ್ಸನ್ ಬಂದು ಐದು ವರ್ಷ ಆಯಿತು. ಗುಳಿಗೆ ತಗೊಂಡರೆ ಕೈ ನಡುಕ ಕಡಿಮೆ ಆಗುತ್ತದೆ. ಆದರೆ ಬೆನ್ನು ಮುಂದಕ್ಕೆ ಬಾಗುತ್ತಲೇ ಇದೆ. ಹೊಸ್ತಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಬೆಂಗಳೂರಿನಲ್ಲಿರುವ ಕಾಕಾನ ಮಗ, ‘ಟಿಎಂಎಸ್ ಅಂತ ಇದೆ, ತಲೆಗೆ ಮ್ಯಾಗ್ನೆಟ್ ಹಿಡಿಯುತ್ತಾರೆ, ಆಪರೇಷನ್ನೇ ಬೇಡ’ ಅನ್ನುತ್ತಾನೆ. ಹೊಲ ಒತ್ತೆ ಇಟ್ಟಾದರೂ ಮಾಡಿಸಲಾ?

ಉತ್ತರ (ಫಿಸಿಯೋಥೆರಪಿಸ್ಟ್, ಕೊಪ್ಪಳ):
ಹೊಲ ಇರಲಿ ಅಣ್ಣಾ, ಮೊದಲು ಇದನ್ನು ಓದಿ.

ಮ್ಯಾಗ್ನೆಟ್ ಅಂದರೂ ಅದು ಬರೀ ತಂತಿಯ ಸುರುಳಿ. ತಲೆಗೆ ತಾಗಿಸಿ ಹಿಡಿದು, ಅದರಲ್ಲಿ ಜೋರು ಕರೆಂಟ್ ಹರಿಸುತ್ತಾರೆ. ಒಂದು ಏಟು ಮಿಲಿಸೆಕೆಂಡ್ ಕೂಡ ಇರುವುದಿಲ್ಲ. ಕಾಂತಶಕ್ತಿ ಹಾಗೆ ತಟ್ಟನೆ ಏರಿ ಇಳಿದಾಗ ಮೆದುಳಿನಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮವೇ ಇದು. ಮೆದುಳಿನ ಮೇಲೆ ಹೀಗೆ ಮಾಡಿ ತೋರಿಸಿದ್ದು 1985ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಆಂಥೋನಿ ಬಾರ್ಕರ್ ಮತ್ತು ಜೊತೆಗಾರರು. ತರಬೇತಿಯಲ್ಲಿ ನನಗೂ ಒಮ್ಮೆ ಹಿಡಿದಿದ್ದರು. ಟಪ್ ಅಂತ ಸದ್ದಾಯಿತು, ನನ್ನ ಹೆಬ್ಬೆರಳು ನನ್ನನ್ನು ಕೇಳದೇ ಕುಣಿಯಿತು! ನೋವಿಲ್ಲ, ಯಾರೋ ತಲೆಗೆ ಬೆರಳಿಂದ ಕುಟ್ಟಿದ ಹಾಗೆ ಅಷ್ಟೇ.

ಬೆರಳು ಸುಲಭವಾಗಿ ಕುಣಿಯುವುದಕ್ಕೆ ಕಾರಣ ಇದೆ. ಸಾಮಾನ್ಯ ಸುರುಳಿಯ ಏಟು 2-3 ಸೆಂಟಿಮೀಟರ್ ಆಳಕ್ಕೆ ಮಾತ್ರ ಹೋಗುತ್ತದೆ. ಕೈಯನ್ನು ಆಡಿಸುವ ಜಾಗ ಮೆದುಳಿನ ಮೇಲ್ಮೈಯಲ್ಲೇ ಇದೆ. ಕಾಲಿನದು ಎಡ-ಬಲ ಭಾಗಗಳ ನಡುವಿನ ಸೀಳಿನೊಳಗೆ ಇಳಿದುಕೊಂಡಿದೆ. ಪಾರ್ಕಿನ್ಸನ್‌ನಲ್ಲಿ ಸಾಯುವ ಕೋಶಗಳಂತೂ ಇನ್ನೂ ಆಳದಲ್ಲಿವೆ, ಅಲ್ಲಿಗೆ ಈ ಏಟು ನೇರವಾಗಿ ಮುಟ್ಟುವುದೇ ಇಲ್ಲ. ಮೇಲೆ ತಟ್ಟಿದ್ದು ನರಗಳ ಸಂಪರ್ಕದಿಂದ ಒಳಗೆ ಎಷ್ಟು ತಲುಪೀತೋ ಅಷ್ಟೇ ಲಾಭ.

ಹಾಗಾಗಿ ಕೆಲವರಿಗೆ ನಿಧಾನವಾದ ಚಲನೆ ಸ್ವಲ್ಪ ಚುರುಕಾಗುತ್ತದೆ. ಕಾಲು ಅಂಟುವುದರ ಮೇಲೂ ಪ್ರಯೋಗ ನಡೆದಿವೆ. ಆದರೆ ಸಿಕ್ಕ ಲಾಭ ಕ್ರಮೇಣ ಇಳಿಯುತ್ತದೆ. ಬಾಗಿದ ಬೆನ್ನು ನೆಟ್ಟಗಾಗುತ್ತದೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಅಮೆರಿಕದಲ್ಲಿ 2008ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದೂ ಖಿನ್ನತೆಯ ಚಿಕಿತ್ಸೆಗೆ, ಪಾರ್ಕಿನ್ಸನ್‌ಗಲ್ಲ.

ಗುಳಿಗೆ ಯಾವಾಗ ಕೊಡುತ್ತೀರಿ? ಲೆವೊಡೋಪಾ ಆಗಿದ್ದರೆ ಬೇಳೆ, ಕಾಳು, ಮೊಟ್ಟೆ ಜೊತೆ ಸರಿಯಾಗಿ ಹತ್ತುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಹೊಸ್ತಿಲ ಮುಂದೆ ನೆಲಕ್ಕೆ ಅಡ್ಡಡ್ಡ ಟೇಪ್ ಅಂಟಿಸಿ, ಒಂದೊಂದೇ ಗೆರೆ ದಾಟಲು ಹೇಳಿ. ಅಂಟಿದ ಕಾಲು ಎಷ್ಟೋ ಸಲ ಇದಕ್ಕೇ ಬಿಡುತ್ತದೆ.

ಪ್ರಶ್ನೆ (ಸಿಂಧನೂರಿನಿಂದ):
ಮೇಡಂ, ನಮ್ಮವ್ವನಿಗೆ ಪಾರ್ಶ್ವವಾಯು ಹೊಡೆದು ಎಂಟು ತಿಂಗಳು. ನಿಂತರೆ ಜೋಲಿ ಹೊಡೆಯುತ್ತಾಳೆ. ಅವಳಿಗೂ ಉಪಯೋಗ ಇಲ್ಲವಾ?

ಉತ್ತರ:
ನಿಮ್ಮ ವಿಷಯದಲ್ಲಿ ಸ್ವಲ್ಪ ಆಸೆ ಇದೆ ತಮ್ಮಾ. 2019ರಲ್ಲಿ ಇಟಲಿಯ ಪ್ರಯೋಗವೊಂದು ಪ್ರಕಟವಾಯಿತು. ಪಾರ್ಶ್ವವಾಯು ಆದ 36 ಜನ. ದೇಹದ ಸಮತೋಲ ನೋಡಿಕೊಳ್ಳುವ ಹಿಂಮೆದುಳಿಗೆ ಮೂರು ವಾರ ಏಟು ಕೊಟ್ಟರು, ಜೊತೆಗೆ ಫಿಸಿಯೋಥೆರಪಿ. ಸುಳ್ಳು ಏಟು (ಕೊಟ್ಟ ಹಾಗೆ ತೋರಿಸಿದ್ದು ಅಷ್ಟೇ) ಪಡೆದವರಿಗಿಂತ ನಿಜವಾದದ್ದು ಪಡೆದವರ ನಡಿಗೆ, ಸಮತೋಲ ಎರಡೂ ಜಾಸ್ತಿ ಸುಧಾರಿಸಿದವು. ಆದರೆ ವ್ಯಾಯಾಮ ಎರಡೂ ಗುಂಪಿಗೂ ಇತ್ತು, ಅದನ್ನು ಬಿಡಬೇಡಿ. ಮತ್ತೆ 36 ಅಂದರೆ ಸಣ್ಣ ಲೆಕ್ಕ.

ಅವ್ವನಿಗೆ ಫಿಟ್ಸ್ ಬಂದಿತ್ತಾ? ತಲೆಯೊಳಗೆ ಆಪರೇಷನ್‌ನಲ್ಲಿ ಹಾಕಿದ ಲೋಹದ ಕ್ಲಿಪ್, ಕಿವಿಯಲ್ಲಿ ಕೇಳಿಸಲು ಕೂರಿಸಿದ ಕಾಕ್ಲಿಯರ್ ಇಂಪ್ಲಾಂಟ್, ಎದೆಯಲ್ಲಿ ಪೇಸ್‌ಮೇಕರ್ ಏನಾದರೂ ಇದೆಯಾ? ನರರೋಗ ತಜ್ಞರಿಗೆ ಇದನ್ನೇ ಮೊದಲು ಹೇಳಬೇಕು. ಟಿಎಂಎಸ್‌ನಿಂದ ಫಿಟ್ಸ್ ಬರುವುದು ಬಹಳ ಅಪರೂಪ, ಆದರೂ ಬರಬಹುದು.

ಪ್ರಶ್ನೆ (ಕೊಪ್ಪಳದಿಂದ):
ಜಾತ್ರೆಯಲ್ಲಿ ಮ್ಯಾಗ್ನೆಟ್ ಬೆಲ್ಟ್ ತಂದಿದ್ದೇನೆ ಮೇಡಂ, ಅದೂ ಇದೇ ಅಲ್ವಾ?

ಉತ್ತರ:
ಅಲ್ಲ ರೀ. ಸುಮ್ನೆ ಕೂತ ಮ್ಯಾಗ್ನೆಟ್‌ನಿಂದ ಕರೆಂಟ್ ಹುಟ್ಟುವುದಿಲ್ಲ, ಅದು ಏರಿಳಿಯಬೇಕು. ಬೆಲ್ಟ್ ಪ್ಯಾಂಟಿಗೆ ಹಾಕಿಕೊಳ್ಳಿ.

ಗಂಗಾವತಿಯವರು ಮತ್ತೆ:
ಮೇಡಂ, ನಮ್ಮ ಮನೆ ನೆಲ ಕಡಪಾ ಕಲ್ಲು. ಟೇಪ್ ಯಾವ ಬಣ್ಣ?

ಉತ್ತರ:
ಕಪ್ಪು ಕಲ್ಲಲ್ವಾ, ಬಿಳಿ ಅಥವಾ ಹಳದಿ ಹಾಕಿ. ಅಪ್ಪ ಆರಾಮವಾಗಿ ಇಡುವ ಒಂದು ಹೆಜ್ಜೆ ಅಳೆದು ಅಷ್ಟೇ ಅಂತರ ಬಿಡಿ. ಅಂಚು ಏಳದ ಹಾಗೆ ಒತ್ತಿ ಅಂಟಿಸಿ, ಅದಕ್ಕೇ ಎಡವಿಯಾರು.