ಮಾವನ ಡ್ರೈವ್-ಇನ್ ಫಾರ್ವರ್ಡ್

ಇಲ್ಲಿ ಶನಿವಾರ ಬೆಳಗ್ಗೆ, ಅಲ್ಲಿ ಶುಕ್ರವಾರ ರಾತ್ರಿ. ನ್ಯೂಜೆರ್ಸಿಯಲ್ಲಿರುವ ಮಾವ ನಮ್ಮ ‘ಮನೆ ಮಂದಿ’ ಗುಂಪಿಗೆ ಒಂದು ಫೋಟೋ ಹಾಕಿದರು. ಕೆಂಪಾದ ಆಕಾಶ, ದೊಡ್ಡ ಬಿಳಿ ಪರದೆ, ಅದರ ಮುಂದೆ ಸಾಲು ಸಾಲು ಹಳೇ ಕಾರುಗಳು. ಅಲ್ಲಿಂದ ಶುರುವಾದ ಜಗಳ ಇದು. ನಡುವೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನಷ್ಟೇ ತೆಗೆದಿದ್ದೇನೆ.

ಮಾವ (ಫಾರ್ವರ್ಡ್): ಡ್ರೈವ್-ಇನ್ ಥಿಯೇಟರ್!! ಅಪ್ಪ, ಅಮ್ಮ, ಮಕ್ಕಳು ಒಂದೇ ಕಾರಿನಲ್ಲಿ ಕೂತು ನಕ್ಷತ್ರಗಳ ಕೆಳಗೆ ಸಿನಿಮಾ ನೋಡಿದ ಆ ದಿನಗಳು. ಭೇದಭಾವ ಇಲ್ಲದೆ ಎಲ್ಲರೂ ಒಂದೇ ಪರದೆಯ ಮುಂದೆ. ಮೊಬೈಲ್ ಬಂತು, ಎಲ್ಲಾ ಹೋಯಿತು. ನಿಮಗೂ ನೆನಪಿದ್ದರೆ ಹತ್ತು ಜನಕ್ಕೆ ಕಳಿಸಿ.

ಮಾವ: ನೂರಕ್ಕೆ ನೂರು ನಿಜ. ಅನುಭವಿಸಿದವರಿಗೆ ಮಾತ್ರ ಗೊತ್ತು.

ದೊಡ್ಡಪ್ಪ: ಡ್ರೈವ್-ಇನ್ ಅಂದರೆ ಹೋಟೆಲ್ ಅಲ್ವೇನಯ್ಯಾ?

ಮಾವ: ಅಲ್ಲ ಭಾವ, ಸಿನಿಮಾ. ಕಾರಿನಿಂದ ಇಳಿಯದೆ ನೋಡೋದು.

ದೊಡ್ಡಪ್ಪ: ಇಳಿಯೋದಕ್ಕೇನು ಕಷ್ಟ?

ಅಣ್ಣ: ಮಾವ, ಬೇಜಾರು ಮಾಡ್ಕೋಬೇಡಿ. ಮೊಬೈಲ್ ಬಂದು ಡ್ರೈವ್-ಇನ್ ಹೋಗಿದ್ದಲ್ಲ. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಡ್ರೈವ್-ಇನ್ ಇದ್ದವು. ಊರಾಚೆಯ ಅಗ್ಗದ ಜಾಗದಲ್ಲಿ ಕಟ್ಟಿದ್ದು. ಊರು ಬೆಳೆಯಿತು, ಜಾಗಕ್ಕೆ ಬೆಲೆ ಬಂತು, ಅಲ್ಲಿ ಅಂಗಡಿ ಸಾಲು ಎದ್ದಿತು. ಆಮೇಲೆ ಮನೆಮನೆಗೆ ವಿಸಿಆರ್ ಬಂತು. ನಿಮ್ಮ ನ್ಯೂಜೆರ್ಸಿಯಲ್ಲಿ ಹಳೇ ಕಾಲದ ಕೊನೆಯದು 1991ರಲ್ಲೇ ಬಾಗಿಲು ಹಾಕಿತು. ಆಗ ಯಾರ ಜೇಬಿನಲ್ಲಿ ಮೊಬೈಲ್ ಇತ್ತು?

ಮಾವ: ಬಂದರು ನಮ್ಮ ಲಾಯರ್ ಸಾಹೇಬರು. ಅದು ಹುಟ್ಟಿದ್ದೂ ನ್ಯೂಜೆರ್ಸಿಯಲ್ಲೇ ಅಂತ ಯಾಕೆ ಹೇಳಲಿಲ್ಲ? ಕ್ಯಾಮ್ಡೆನ್ ಊರಿನ ಹತ್ತಿರ, 1933ರ ಜೂನ್ 6. ರಿಚರ್ಡ್ ಹಾಲಿಂಗ್ಸ್‌ಹೆಡ್ ಅನ್ನೋ ಮನುಷ್ಯ. ಮೊದಲು ತನ್ನ ಮನೆ ಅಂಗಳದಲ್ಲೇ ಎರಡು ಮರದ ಮಧ್ಯೆ ಬಟ್ಟೆ ಕಟ್ಟಿ, ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಇಟ್ಟು ನೋಡಿದ. ಮಳೆ ಬಂದರೆ ಹೇಗಿರುತ್ತೆ ಅಂತ ತಿಳಿಯೋದಕ್ಕೆ ಹುಲ್ಲಿಗೆ ನೀರು ಚಿಮ್ಮಿಸೋ ಸ್ಪ್ರಿಂಕ್ಲರ್ ಬಿಟ್ಟುಕೊಂಡು ಕಾರೊಳಗೆ ಕೂತ. ಮುಂದಿನ ಕಾರು ಹಿಂದಿನವರಿಗೆ ಅಡ್ಡ ಬರಬಾರದಲ್ವಾ? ಮುಂದಿನ ಚಕ್ರಗಳ ಕೆಳಗೆ ಮರದ ತುಂಡು ಇಟ್ಟು ಎಷ್ಟು ಎತ್ತಬೇಕು ಅಂತ ಲೆಕ್ಕ ಹಾಕಿದ. ಆ ಇಳಿಜಾರಿಗೇ ಪೇಟೆಂಟ್ ಸಿಕ್ಕಿದ್ದು. ಅಂಥ ತಲೆ!

ನಾನು: ಸ್ಪ್ರಿಂಕ್ಲರ್ ವಿಷಯ ಚೆನ್ನಾಗಿದೆ ಮಾವ. ಟಿಕೆಟ್ ಎಷ್ಟಿತ್ತು?

ಮಾವ: ಕಾರಿಗೆ 25 ಸೆಂಟ್, ತಲೆಗೆ 25 ಸೆಂಟ್. ಎಷ್ಟೇ ಜನ ಇದ್ದರೂ ಒಂದು ಡಾಲರ್‌ಗಿಂತ ಜಾಸ್ತಿ ಇಲ್ಲ. ನಮ್ಮ ಕಾಲಕ್ಕೆ ಜಾಸ್ತಿಯಾಗಿತ್ತು ಬಿಡು. ತಲೆಗಿಷ್ಟು ಅಂತ ಕೀಳುವ ಕಡೆ ಕಾಲೇಜು ಹುಡುಗರು ಡಿಕ್ಕಿಯಲ್ಲಿ ಇಬ್ಬರನ್ನ ತುಂಬಿಕೊಂಡು ಬರುತ್ತಿದ್ದರು.

ಅಣ್ಣ: ಪೇಟೆಂಟ್ ಸಿಕ್ಕಿತು, ಆದರೆ 1949ರಲ್ಲಿ ಕೋರ್ಟಿನಲ್ಲಿ ಬಿದ್ದುಹೋಯಿತು. ಇನ್ನು ಶಬ್ದದ ಕಥೆ ಕೇಳಿ. ಶುರುವಿನಲ್ಲಿ ಸ್ಪೀಕರ್ ಇದ್ದಿದ್ದು ಪರದೆಯ ಹತ್ತಿರ ಮಾತ್ರ. ನೂರು ಮೀಟರ್ ದೂರ ಬರೋದಕ್ಕೆ ಶಬ್ದಕ್ಕೆ ಸುಮಾರು ಮೂರನೇ ಒಂದು ಸೆಕೆಂಡ್ ಬೇಕು. ಹಿಂದಿನ ಸಾಲಿನವರಿಗೆ ಮೊದಲು ತುಟಿ, ಆಮೇಲೆ ಮಾತು. ಸುತ್ತಮುತ್ತಲ ಮನೆಯವರಿಗೆ ಸಿನಿಮಾ ಇಲ್ಲ, ಬರೀ ಗಲಾಟೆ.

ಮಾವ: ಅದು ಹಳೇ ಮಾತು. ನಮ್ಮ ಕಾಲಕ್ಕೆ ಕಾರಿನ ಕಿಟಕಿಗೇ ಸ್ಪೀಕರ್ ಬಂದಿತ್ತು. ಎರಡು ಕಾರಿನ ಮಧ್ಯೆ ಒಂದು ಕಂಬ, ಅದರಲ್ಲಿ ಎರಡು ಸ್ಪೀಕರ್. ತಂತಿ ಎಳೆದು, ಗಾಜು ಅರ್ಧ ಇಳಿಸಿ, ಅದಕ್ಕೆ ಸಿಕ್ಕಿಸಿಕೊಳ್ಳೋದು.

ಅಕ್ಕ: ಫಾರ್ವರ್ಡಿನಲ್ಲಿ ‘ಭೇದಭಾವ ಇಲ್ಲದೆ ಎಲ್ಲರೂ’ ಅಂತ ಇದೆಯಲ್ಲ ಮಾವ, ಅದು ಶುದ್ಧ ಸುಳ್ಳು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನ ಕೆಲವು ಡ್ರೈವ್-ಇನ್‌ಗಳು ಒಳಗೇ ಬಿಡುತ್ತಿರಲಿಲ್ಲ. ಕೆಲವು ಕಡೆ ಬೇರೆ ದಾರಿ, ಬೇರೆ ಜಾಗ. ಬಯಲಿನಲ್ಲೂ ಬೇಲಿ!

ಮಾವ: ಸುಮ್ನೆ ಒಂದು ಫೋಟೋ ಹಾಕಿದೆ ಕಣೇ. ಎಲ್ಲದಕ್ಕೂ ರಾಜಕೀಯ ತರಬೇಕಾ?

ಅಕ್ಕ: ನಾನು ತರಲಿಲ್ಲ. ನೀವು ಹತ್ತು ಜನಕ್ಕೆ ಕಳಿಸೋ ಮುಂಚೆ ಆ ಒಂದು ಸಾಲು ತೆಗೀರಿ ಅಂದೆ ಅಷ್ಟೇ.

ಇಲ್ಲಿ ಗುಂಪು ಸ್ವಲ್ಪ ಹೊತ್ತು ಮೌನ. ಮಾವ ಏನೋ ಬರೆದು ಅಳಿಸಿದರು. ಗುಂಪು ಬಿಟ್ಟು ಹೋಗುತ್ತಾರೇನೋ ಅಂದುಕೊಂಡೆ, ಹಿಂದೆ ಎರಡು ಸಲ ಹೋಗಿದ್ದಾರೆ. ಹೋಗಲಿಲ್ಲ. ಅವರಿಂದ ನಾನು ನೋಡಿದ ಅತಿ ಉದ್ದದ ಮೆಸೇಜ್ ಇದು.

ಮಾವ: ಸರಿ, ಆ ಸಾಲು ತೆಗೆದೆ. ಆದರೆ ನನ್ನದೂ ಒಂದು ಮಾತು ಕೇಳಿ. 1979ರಲ್ಲಿ ನಾವು ಇದ್ದ ಕಡೆ ನಮ್ಮವರು ಅಂತ ಯಾರೂ ಇರಲಿಲ್ಲ. ಥಿಯೇಟರಿಗೆ ನಿಮ್ಮ ಅತ್ತೆ ಸೀರೆ ಉಟ್ಟು ಬಂದರೆ ಹಿಂದಿನ ಸಾಲಿನವರು ಸಿನಿಮಾ ಬಿಟ್ಟು ಇವಳನ್ನ ನೋಡುತ್ತಿದ್ದರು. ಮಗು ಅತ್ತರೆ ಇಡೀ ಸಾಲು ತಿರುಗುತ್ತಿತ್ತು. ಇವಳಿಗೆ ಆಗ ಇಂಗ್ಲಿಷ್ ಅಷ್ಟಕ್ಕಷ್ಟೇ, ನಾನು ಪಿಸುಗುಟ್ಟಿ ಹೇಳಿದರೆ ಪಕ್ಕದವನು ‘ಶ್’ ಅನ್ನುತ್ತಿದ್ದ. ಡ್ರೈವ್-ಇನ್‌ನಲ್ಲಿ ಕಾರಿನ ಬಾಗಿಲು ಹಾಕಿದರೆ ಅದು ನಮ್ಮ ಮನೆ. ಗಟ್ಟಿಯಾಗಿ ಕನ್ನಡ ಮಾತಾಡಬಹುದು, ಮಗು ಅಳಬಹುದು, ಚಪ್ಪಲಿ ಬಿಟ್ಟು ಕಾಲು ಮಡಚಿ ಕೂರಬಹುದು. ಇಡೀ ಸಿನಿಮಾ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ನನಗೆ ಡ್ರೈವ್-ಇನ್ ಅಂದರೆ ಅದು. ನಕ್ಷತ್ರ ಗಿಕ್ಷತ್ರ ಅಲ್ಲ.

ಅಕ್ಕ: ಇದನ್ನ ಮೊದಲೇ ಬರೀಬಾರದಾಗಿತ್ತಾ ಮಾವ? ಆ ಫಾರ್ವರ್ಡ್ ಯಾಕೆ ಬೇಕಿತ್ತು?

ಅತ್ತೆ: ಯಾವ ಸಿನಿಮಾ ಅಂತ ಕೇಳಿ ಅವರನ್ನ.

ಅತ್ತೆ ಇದನ್ನು ಟೈಪ್ ಮಾಡಿದ್ದು ಅದೇ ಮನೆಯ ಪಕ್ಕದ ಕೋಣೆಯಿಂದ ಅಂತ ಆಮೇಲೆ ಗೊತ್ತಾಯಿತು.

ಮಾವ: ಸಿನಿಮಾ ಹೆಸರು ಯಾರಿಗೆ ನೆನಪಿರುತ್ತೆ, ನಲವತ್ತು ವರ್ಷದ ಮೇಲಾಯಿತು.

ಅತ್ತೆ: ನನಗೆ ನೆನಪಿದೆ. ಅದರಲ್ಲಿ ಇಬ್ಬರು ಗಂಡಸರು ಜಗಳ ಆಡುತ್ತಾರೆ. ಅಣ್ಣ ತಮ್ಮ ಅಂತ ಹೇಳಿದರು. ವರ್ಷಗಳಾದ ಮೇಲೆ ಟಿವಿಯಲ್ಲಿ ಬಂತು. ಅಪ್ಪ ಮಗ! ಇದು ನಿಮ್ಮ ಮಾವ ಹೇಳಿದ ಕನ್ನಡ ಕಥೆ.

ಅಣ್ಣ: 😂😂😂

ಅತ್ತೆ: ಮಕ್ಕಳೇ ಕೇಳಿ. ಜೂನ್ ತಿಂಗಳು. ಎಂಟೂವರೆಯಾದರೂ ಅಲ್ಲಿ ಕತ್ತಲಾಗಲ್ಲ. ಕತ್ತಲಾಗದೆ ಸಿನಿಮಾ ಶುರುವಾಗಲ್ಲ. ಪುಟ್ಟಿಗೆ ನಾಲ್ಕು ವರ್ಷ, ಮನೆಯಲ್ಲೇ ರಾತ್ರಿ ಬಟ್ಟೆ ಹಾಕಿಸಿ ಕರ್ಕೊಂಡು ಹೋಗಿದ್ದು, ಹೆಸರು ಬೀಳೋ ಮುಂಚೆಯೇ ನಿದ್ದೆ. ಅವಳ ತಮ್ಮ ಆರು ತಿಂಗಳ ಮಗು. ಅವನನ್ನ ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ನಾನು. ನನಗೆ ಕಂಡಿದ್ದು ಅರ್ಧ ಪರದೆ, ಅರ್ಧ ನಿಮ್ಮ ಮಾವನ ತಲೆ. ಕಿಟಕಿ ಇಳಿಸಿದರೆ ಸೊಳ್ಳೆ, ಏರಿಸಿದರೆ ಗಾಜಿನ ತುಂಬ ಆವಿ. ಇವರು ಹತ್ತು ನಿಮಿಷಕ್ಕೊಂದು ಸಲ ಕರ್ಚೀಫಿನಲ್ಲಿ ಒರೆಸೋದು.

ಅಣ್ಣ: ಆ ಕತ್ತಲಿನ ವಿಷಯ ಡ್ರೈವ್-ಇನ್ ಮಾಲೀಕರಿಗೂ ತಲೆನೋವಾಗಿತ್ತು ಅತ್ತೆ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡೋದನ್ನ ದೇಶಕ್ಕೆಲ್ಲ ಒಂದೇ ನಿಯಮ ಮಾಡಿದ ಕಾನೂನು 1966ರದು. ಅವರು ಅದರ ವಿರುದ್ಧ ಜಗಳ ಆಡಿದ್ದರು. ಮೊದಲ ಆಟ ಒಂಬತ್ತಕ್ಕೆ ಶುರುವಾದರೆ ಎರಡನೆಯದು ಮುಗಿಯೋದು ಎಷ್ಟೊತ್ತಿಗೆ?

ಅತ್ತೆ: ನಾವು ಎರಡನೆಯದಕ್ಕೆ ಕೂರಲಿಲ್ಲ. ಮಗು ಕಿರುಚೋಕೆ ಶುರು ಮಾಡಿತು, ಹೊರಟುಬಿಟ್ಟೆವು. ಆತುರದಲ್ಲಿ ಇವರು ಏನು ಮಾಡಿದರು ಅಂತ ಹೇಳಲಾ?

ಮಾವ: ಬೇಡ.

ಮಾವ: ಹೇಳಬೇಡ ಅಂದೆ.

ಪುಟ್ಟಿ: ಅಮ್ಮ ಹೇಳಲ್ಲ, ನಾನು ತೋರಿಸ್ತೀನಿ. ವಾರಾಂತ್ಯಕ್ಕೆ ಇಲ್ಲಿಗೇ ಬಂದಿದೀನಿ. ಗ್ಯಾರೇಜಿಗೆ ಹೋಗಿ ಬರ್ತೀನಿ, ಇರಿ.

ಐದು ನಿಮಿಷಕ್ಕೆ ಫೋಟೋ ಬಂತು. ಬೂದು ಬಣ್ಣದ ಲೋಹದ ಡಬ್ಬಿ, ಎರಡು ಅಂಗೈ ಸೇರಿಸಿದಷ್ಟು ಅಗಲ. ಮುಂದೆ ಜಾಲರಿ, ಕೆಳಗೆ ಶಬ್ದ ಜಾಸ್ತಿ ಕಡಿಮೆ ಮಾಡೋ ತಿರುಗುಗುಂಡಿ. ಹಿಂದೆ ಕಿಟಕಿ ಗಾಜಿಗೆ ಸಿಕ್ಕಿಸೋ ಕೊಕ್ಕೆ. ಕೊಕ್ಕೆಗೆ ತುಕ್ಕು ಹಿಡಿದಿದೆ. ಕೆಳಗೆ ಒಂದು ಗೇಣು ತಂತಿ ನೇತಾಡುತ್ತಿದೆ, ತುದಿಯಲ್ಲಿ ತಾಮ್ರದ ಎಳೆಗಳು ಕೆದರಿಕೊಂಡಿವೆ.

ಅಣ್ಣ: ಮಾವ!!! ಕದ್ದಿದ್ದಾ?

ಮಾವ: ಕದ್ದಿದ್ದಲ್ಲ ಕಣೋ. ಸಿಕ್ಕಿಸಿದ್ದು ಮರೆತು ಕಾರು ಬಿಟ್ಟೆ. ತಂತಿ ತಾನಾಗೇ ಕಿತ್ತುಬಂತು. ಎಷ್ಟೋ ಜನ ಹೀಗೆ ಮಾಡ್ತಿದ್ದರು.

ಅತ್ತೆ: ಮನೆ ಮುಟ್ಟೋವರೆಗೂ ಕಿಟಕಿಗೆ ನೇತಾಡುತ್ತಲೇ ಇತ್ತು. ವಾಪಸ್ ಕೊಟ್ಟು ಬನ್ನಿ ಅಂದೆ. ದಂಡ ಹಾಕ್ತಾರೆ ಅಂತ ಹೆದರಿ ಆ ಥಿಯೇಟರಿನ ದಾರಿಯನ್ನೇ ಬಿಟ್ಟರು. ನಾವು ಡ್ರೈವ್-ಇನ್‌ಗೆ ಹೋಗಿದ್ದು ಅದೊಂದೇ ಸಲ.

ನಾನು: ಒಂದೇ ಸಲಾನಾ?!

ಅಕ್ಕ: ‘ಅನುಭವಿಸಿದವರಿಗೆ ಮಾತ್ರ ಗೊತ್ತು.’

ಮಾವ: ಒಂದು ಸಲ ಆದರೂ ಅನುಭವ ಅನುಭವವೇ.

ಅಣ್ಣ: ಈಗಲೂ ಕೊಟ್ಟು ಬರಬಹುದು ಮಾವ. ವೈನ್‌ಲ್ಯಾಂಡ್ ಊರಿನಲ್ಲಿ ಡೆಲ್ಸಿ ಅಂತ ಡ್ರೈವ್-ಇನ್, 1987ರಲ್ಲಿ ಮುಚ್ಚಿದ್ದು 2004ರಲ್ಲಿ ಮತ್ತೆ ತೆರೆಯಿತು. ನಿಮ್ಮದು ಅದಲ್ಲದಿದ್ದರೂ ಪಾಪ ಕಳೆಯುತ್ತೆ. ಆದರೆ ಈಗ ಶಬ್ದ ಬರೋದು ಕಾರಿನ ಎಫ್‌ಎಂ ರೇಡಿಯೋದಲ್ಲಿ, ಕಿತ್ತುಕೊಂಡು ಬರೋದಕ್ಕೆ ಏನೂ ಸಿಗಲ್ಲ.

ಪುಟ್ಟಿ: ಅಪ್ಪ ಈಗ ಗ್ಯಾರೇಜಿಗೆ ಬಂದರು. ನನ್ನ ಕೈಯಿಂದ ತಗೊಂಡು ಬನಿಯನ್ನಿನಲ್ಲೇ ಧೂಳು ಒರೆಸ್ತಿದಾರೆ. ಗುಂಡಿ ಇನ್ನೂ ತಿರುಗುತ್ತೆ.

ದೊಡ್ಡಪ್ಪ: ಅದಕ್ಕೇ ಕೇಳಿದ್ದು ನಾನು, ಇಳಿಯೋದಕ್ಕೇನು ಕಷ್ಟ ಅಂತ. ಇಳಿದು ನೋಡಿದ್ದರೆ ತಂತಿ ಕಾಣುತ್ತಿತ್ತು.