ಡಬ್ಬಿಗೆ ವಿಭಕ್ತಿ ಹಚ್ಚೋರು ಯಾರು?

ರಘು: ಬ್ಲಾಕು ಎಳೆದು ಜೋಡಿಸಿ ಪ್ರೋಗ್ರಾಂ ಮಾಡೋದೆಲ್ಲ ಮಕ್ಕಳಾಟ ಕಣೇ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸೋ ಸ್ಕ್ರ್ಯಾಚ್‌ನಲ್ಲಿ ಬೆಕ್ಕು ನಡೆಸ್ತಾರಲ್ಲ, ಅಷ್ಟೇ. ಡೆವಲಪರ್‌ಗಳಿಗೆ ಅದರಿಂದ ಏನಾಗಬೇಕು?

ಸುಮಾ: ಸ್ಕ್ರ್ಯಾಚ್ 3 ಬಂದಿದ್ದು 2019ರಲ್ಲಿ. ಆ ಬೆಕ್ಕಿನ ಬ್ಲಾಕುಗಳ ಹಿಂದೆ ಇರೋದು ಗೂಗಲ್‌ನೋರು 2012ರಲ್ಲಿ ಹೊರತಂದ ಬ್ಲಾಕ್ಲಿ. ಅದು ಆಪ್ ಅಲ್ಲ, ಲೈಬ್ರರಿ, ಅಂದ್ರೆ ನಿನ್ನ ಆಪ್‌ನೊಳಗೆ ಸೇರಿಸ್ಕೊಳ್ಳೋ ಸಿದ್ಧ ಕೋಡ್. ಡಿಸ್ಕೌಂಟ್ ನಿಯಮವೋ ಟೆಸ್ಟ್ ಹಂತವೋ, ನಿಂಗೆ ಬೇಕಾದ ಬ್ಲಾಕು ನೀನೇ ಮಾಡ್ಕೋಬಹುದು.

ನಾಣಿ: ಹಿಟ್ಟು ಅಂಗಡೀದು, ಪಲ್ಯ ನಮ್ದು.

ಸುಮಾ: ಸರಿಯಾಗಿ ಹೇಳ್ದೆ. ಎನ್‌ಪಿಎಂ ಅನ್ನೋ ಪ್ಯಾಕೇಜ್ ಟೂಲಿನಲ್ಲಿ ಇನ್‌ಸ್ಟಾಲ್ ಮಾಡು, ವೆಬ್ ಪುಟದಲ್ಲಿ ಒಂದು ಡಿವ್, ಅಂದ್ರೆ ಖಾಲಿ ಚೌಕ, ಇಡು, ಬ್ಲಾಕುಗಳ ಪಟ್ಟಿ ಇರೋ ಟೂಲ್‌ಬಾಕ್ಸ್ ಕೊಟ್ಟು ಅದರೊಳಗೆ ಇಂಜೆಕ್ಟ್ ಮಾಡು. ಆಮೇಲೆ ಖಾಲಿ ಪರದೆ ನೋಡ್ತಾ ಕೂತ್ಕೋ.

ರಘು: ಖಾಲಿ ಯಾಕೆ?

ಸುಮಾ: ಡಿವ್‌ಗೆ ಎತ್ತರ ಕೊಟ್ಟಿರಲ್ಲ, ಸೊನ್ನೆ ಆಗಿರತ್ತೆ. 480 ಪಿಕ್ಸೆಲ್ ಅಂತ ಹಾಕಿದ್ರೆ ಎದ್ದು ಬರತ್ತೆ. ಮುಂದಿಂದು ಬ್ಲಾಕಿನ ವಿವರ, ಅದನ್ನ ಬರೆಯೋದು ಜೇಸನ್ ಅನ್ನೋ ಪಠ್ಯರೂಪದಲ್ಲಿ. ಟೈಪು, ಮೇಲಿನ ಬರಹ, ಅದರೊಳಗೆ ಹೆಸರೋ ಬೇರೆ ಬ್ಲಾಕೋ ಕೂರೋ ತೂತುಗಳು. ಬೆಲೆ, ಅಂದ್ರೆ ಒಂದು ಉತ್ತರ, ಕೊಡೋ ಬ್ಲಾಕಾದ್ರೆ ಔಟ್‌ಪುಟ್. ಕೆಲಸ ಮಾಡೋ ಬ್ಲಾಕಾದ್ರೆ ಮೇಲೊಂದು, ಕೆಳಗೊಂದು ಕೊಂಡಿ. ಔಟ್‌ಪುಟ್ಟೂ ಇರಲಿ, ಮೇಲಿನ ಕೊಂಡೀನೂ ಇರಲಿ ಅಂದ್ರೆ ಎರರ್ ಎಸೆಯತ್ತೆ.

ನಾಣಿ: ಎರಡು ದೋಣಿ ಮೇಲೆ ಕಾಲಿಡೋ ಹಾಗಿಲ್ಲ.

ರಘು: ಇಷ್ಟೇನಾ? ಒಂದು ಮಧ್ಯಾಹ್ನದ ಕೆಲಸ.

ಸುಮಾ: ಚಿತ್ರದ ಕೆಲಸ ಹೌದು. ಜೀವ ತಿನ್ನೋದು ಜನರೇಟರ್, ಬ್ಲಾಕನ್ನ ಕೋಡಿಗೆ ತಿರುಗಿಸೋ ಭಾಗ. ಜಾವಾಸ್ಕ್ರಿಪ್ಟ್, ಪೈಥಾನ್, ಲುವಾ, ಪಿಎಚ್‌ಪಿ, ಡಾರ್ಟ್, ಐದಕ್ಕೂ ಜೊತೆಗೇ ಬರತ್ತೆ. ನಿನ್ನ ಸ್ವಂತ ಬ್ಲಾಕಿಗೆ ಮಾತ್ರ ನೀನೇ ಬರೀಬೇಕು. ಬೆಲೆ ಕೊಡೋ ಬ್ಲಾಕಿನಿಂದ ಬರೀ ಕೋಡ್ ಸಾಲದು, ಅದರ ಜೊತೆ ಯಾವ ಲೆಕ್ಕ ಮೊದಲು ಅಂತ ಹೇಳೋ ಪ್ರಿಸಿಡೆನ್ಸ್ ಅಂಕಿನೂ ವಾಪಸ್ ಕೊಡಬೇಕು. ಈಗ ನೀನು ಒಂದು ‘ಕಳೆ’ ಬ್ಲಾಕು ಮಾಡಿ, ಯಾವುದೋ ಉದಾಹರಣೆ ನೋಡ್ಕೊಂಡು ಆ ಅಂಕಿಯ ಜಾಗದಲ್ಲಿ ಆರ್ಡರ್ ಅಟಾಮಿಕ್ ಅಂತ ಹಾಕ್ದೆ ಅನ್ನು. ಪರದೇಲಿ 10ರಿಂದ, ‘3ರಿಂದ 2 ಕಳೆ’ ಅನ್ನೋ ಬ್ಲಾಕನ್ನ ಕಳೆದಿದೀಯ. ಎಷ್ಟು?

ರಘು: 9.

ಸುಮಾ: ಬರೋದು 5. ಅಟಾಮಿಕ್ ಅಂದ್ರೆ ‘ಇದು ಒಡೆಯಲ್ಲ, ಆವರಣ ಬೇಡ’ ಅಂತ ಅರ್ಥ. ಹಾಗಾಗಿ 10-3-2 ಅಂತ ಸಪಾಟಾಗಿ ಬರೆದುಬಿಡತ್ತೆ. ನೋಡೋಕೆ ಬ್ಲಾಕು ಸರಿಯಾಗಿ ಒಂದರೊಳಗೊಂದು ಕೂತಿರತ್ತೆ, ಲೆಕ್ಕ ಮಾತ್ರ ತಪ್ಪು. ಅಲ್ಲಿ ಆರ್ಡರ್ ಸಬ್‌ಟ್ರಾಕ್ಷನ್ ಹಾಕಬೇಕು. ಗೊತ್ತಾಗದೇ ಹೋದ್ರೆ ‘ಆರ್ಡರ್ ನನ್’ (ORDER_NONE) ಹಾಕು, ಬೇಡದ ಕಡೆನೂ ಆವರಣ ಬರತ್ತೆ, ಉತ್ತರ ಕೆಡಲ್ಲ.

ನಾಣಿ: ಕೈ ಕೆಸರಾದರೂ ಪರವಾಗಿಲ್ಲ, ಬಾಯಿಗೆ ಮೊಸರು ಸಿಕ್ತಲ್ಲ!

ಸುಮಾ: ನಿನ್ನದೇ ಭಾಷೆಗೆ ಹೊಸ ಜನರೇಟರ್ ಬರೀತೀಯಾ, ಸ್ಕ್ರಬ್ ಅನ್ನೋ ಫಂಕ್ಷನ್ ಮರೀಬೇಡ. ಮುಂದಿನ ಬ್ಲಾಕಿನ ಕೋಡ್ ತಂದು ಅಂಟಿಸೋದು ಅದೇ. ಅದಿಲ್ಲದೆ ಹತ್ತು ಬ್ಲಾಕು ಜೋಡಿಸಿದ್ರೂ ಮೊದಲನೇದರ ಕೋಡ್ ಮಾತ್ರ ಬರತ್ತೆ.

ನಾಣಿ: ಇಂಜಿನ್ ಬಂತು, ಬೋಗಿ ಅರಸೀಕೆರೇಲೇ ಉಳೀತು.

ರಘು: ಸರಿ, ಬ್ಲಾಕಿನ ಮೇಲೆ ಕನ್ನಡ ಬರೀಬಹುದಾ?

ಸುಮಾ: ಬರೀಬಹುದು, ತಮಾಷೆ ಇರೋದೇ ಅಲ್ಲಿ. ‘%1 ಸಲ ಮಾಡು’, ಇದು ಸಲೀಸು; %1 ಅಂದ್ರೆ ಮೊದಲನೇ ತೂತು. ಇಂಗ್ಲಿಷಿನ %1, %2 ನಮ್ಮಲ್ಲಿ ಹಿಂದುಮುಂದಾದ್ರೂ ತೊಂದರೆ ಇಲ್ಲ, ಜನರೇಟರ್ ತೂತನ್ನ ಹೆಸರಿನಿಂದ ಹುಡುಕತ್ತೆ, ಜಾಗದಿಂದ ಅಲ್ಲ. ಆದ್ರೆ ನಮ್ಮ ಕ್ರಿಯಾಪದ ಕೊನೇಲಿ ಬರತ್ತಲ್ಲ, ತೂತುಗಳನ್ನ ಒಂದೇ ಸಾಲಲ್ಲಿ ಇಡೋ ಇನ್‌ಪುಟ್ಸ್ ಇನ್‌ಲೈನ್‌ನ ಫಾಲ್ಸ್ ಅಂತ ಇಟ್ರೆ ‘ಆಗಿದ್ರೆ’ ಅನ್ನೋದು ಕೆಳಗಿನ ಸಾಲಿಗೆ ಜಾರಿ ಅನಾಥವಾಗತ್ತೆ. ಟ್ರೂ ಇಡು. ಇನ್ನು ವಿಭಕ್ತಿ. ‘%1ಕ್ಕೆ %2 ಇಡು’ ಅಂತ ಬರೆದೆ ಅನ್ನು. ಡ್ರಾಪ್‌ಡೌನ್‌ನಲ್ಲಿ ಮೊತ್ತ ಇದ್ರೆ ‘ಮೊತ್ತಕ್ಕೆ’, ಚೆನ್ನಾಗಿದೆ. ಸಂಖ್ಯೆ ಆರಿಸಿದ್ರೆ?

ನಾಣಿ: ‘ಸಂಖ್ಯೆಕ್ಕೆ’! ಅಯ್ಯೋ, ಕನ್ನಡ ಮೇಷ್ಟ್ರು ಬೆತ್ತ ಹುಡುಕ್ತಾರೆ.

ಸುಮಾ: ‘ಗೆ’ ಹಾಕಿದ್ರೆ ‘ಮೊತ್ತಗೆ’. ವೇರಿಯಬಲ್ ಹೆಸರು ಬಳಸೋರು ಕೊಡೋದು, ಪ್ರತ್ಯಯ ಮೊದಲೇ ಗೊತ್ತಾಗೋದು ಹೇಗೆ? ಅದಕ್ಕೆ ‘%1 ಅನ್ನೋ ಡಬ್ಬಿಗೆ %2 ಹಾಕು’ ಅಂತ ಬರೆದುಬಿಡು. ವಿಭಕ್ತಿಯೆಲ್ಲ ಡಬ್ಬಿಯ ತಲೆಗೆ.

ರಘು: ಕೋಡಿನ ಬದಲಾವಣೆ ದಾಖಲಿಸೋ ಗಿಟ್‌ನ ಕಥೆ ಏನು? ಬ್ಲಾಕನ್ನ ರಿವ್ಯೂ ಮಾಡೋರು ಯಾರು?

ಸುಮಾ: ಇದು ನ್ಯಾಯವಾದ ಪ್ರಶ್ನೆ. ಉಳಿಸಿದಾಗ ಬರೋದು ಜೇಸನ್, ಪ್ರತಿ ಗುಂಪಿನ ಮೇಲಿನ ಬ್ಲಾಕಿಗೆ ಪರದೆಯ ಜಾಗ ಹೇಳೋ ಎಕ್ಸ್, ವೈ ಇರತ್ತೆ. ಯಾರೋ ಬ್ಲಾಕನ್ನ ಸುಮ್ನೆ ಒಂದಿಂಚು ಸರಿಸಿದ್ರೂ ಏನು ಬದಲಾಯ್ತು ಅಂತ ತೋರಿಸೋ ಡಿಫ್ ಕೆಂಪಗಾಗತ್ತೆ. ಉಳಿಸೋ ಮುಂಚೆ ಕ್ಲೀನ್‌ಅಪ್ ಅನ್ನೋ ಫಂಕ್ಷನ್ ಕರೆದ್ರೆ ಎಲ್ಲ ಒಂದೇ ಕಂಬಸಾಲಲ್ಲಿ ನಿಲ್ಲತ್ತೆ, ಸುಳ್ಳು ಡಿಫ್ ಕಮ್ಮಿ. ಹುಟ್ಟಿದ ಕೋಡನ್ನೂ ಪಕ್ಕದಲ್ಲೇ ಕಮಿಟ್ ಮಾಡು, ರಿವ್ಯೂ ಮಾಡೋರು ಅದನ್ನೇ ಓದ್ಲಿ. ಮತ್ತೆ, ಒಮ್ಮೆ ಬಿಟ್ಟ ಬ್ಲಾಕಿನ ಟೈಪ್ ಹೆಸರು ಬದಲಾಯಿಸ್ಬೇಡ, ಹಳೇ ಫೈಲು ತೆರೆಯೋದೇ ಇಲ್ಲ. ಬೇಡವಾದ ಬ್ಲಾಕನ್ನ ಟೂಲ್‌ಬಾಕ್ಸಿನಿಂದ ತೆಗಿ, ಅದರ ವಿವರ, ಜನರೇಟರ್ ಎರಡೂ ಹಾಗೇ ಇರಲಿ.

ನಾಣಿ: ನಿವೃತ್ತಿ ಕೊಡು, ಪಿಂಚಣಿ ನಿಲ್ಲಿಸ್ಬೇಡ.

ರಘು: ಯಾರಾದ್ರೂ ಮುಗಿಯದ ಲೂಪ್ ಹಾಕಿದ್ರೆ?

ಸುಮಾ: ಬ್ರೌಸರ್ ಟ್ಯಾಬ್ ಕಲ್ಲಾಗತ್ತೆ, ಉಳಿಸದ ಕೆಲಸನೂ ಹೋಯ್ತು. ಇನ್‌ಫಿನಿಟ್ ಲೂಪ್ ಟ್ರ್ಯಾಪ್ ಅಂತ ಒಂದು ಸೆಟ್ಟಿಂಗ್ ಇದೆ. ಪ್ರತಿ ಸುತ್ತಿಗೂ ಎಣಿಕೆ ಒಂದೊಂದು ಇಳಿಸೋ ಸಾಲು ಕೊಡು, 1000ದಿಂದ ಶುರುಮಾಡಿ ಸೊನ್ನೆ ಮುಟ್ಟಿದಾಗ ಎರರ್ ಎಸೀಲಿ.

ನಾಣಿ: ಸರಿ ಸರಿ, ಕಾಫಿ ತಣ್ಣಗಾಯ್ತು. ಬಿಲ್ಲನ್ನ ‘ರಘು ಅನ್ನೋ ಡಬ್ಬಿಯಿಂದ’ ತೆಗೀರಿ.

ರಘು: ಆ ಡಬ್ಬಿಗೆ ಔಟ್‌ಪುಟ್ ಇಲ್ಲ ಕಣೋ.

ಸುಮಾ: ಇನ್‌ಪುಟ್ ಮಾತ್ರ ಇದೆ. ಮೂರು ವಡೆ ಒಳಗೆ ಹೋಗಿದ್ದು ನಾನೇ ನೋಡ್ದೆ.