ಬಟನ್ (ರಸ್ತೆಗೆ ತಾಗುವ ಉಬ್ಬು ರಬ್ಬರು) ಚೆನ್ನಾಗಿದೆ, ಆದರೆ ಟೈರಿಗೆ ಒಂಬತ್ತನೇ ವರ್ಷ. ಬದಲಾಯಿಸಬೇಕಾ?

ತೀರ್ಥಹಳ್ಳಿ_ಸ್ವಿಫ್ಟ್:
ಎಲ್ಲರಿಗೂ ನಮಸ್ಕಾರ. ನಮ್ಮದು 2016ರ ಸ್ವಿಫ್ಟ್. ಅಪ್ಪ ಪೇಟೆಗೆ, ತೋಟಕ್ಕೆ ಅಂತ ಹತ್ತಿರದಲ್ಲೇ ಓಡಿಸಿದ್ದು. ಹಾಗಾಗಿ ಈಗಲೂ 31,000 ಕಿ.ಮೀ. ಅಷ್ಟೇ. ಕಾರಿನ ಜೊತೆ ಬಂದ ಟೈರುಗಳೇ ಇವೆ.

ಹೋದ ವಾರ ಅಪ್ಪನ ಕಣ್ಣು ತೋರಿಸಲು ಮಣಿಪಾಲಕ್ಕೆ ಹೊರಟಿದ್ದೆವು. ಬೆಳಿಗ್ಗೆಯಿಂದ ಬಿಡದ ಮಳೆ. ಆಗುಂಬೆ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಎರಡನೇ ಗೇರಿನಲ್ಲಿದ್ದೆ, ವೇಗ 20 ಇರಬಹುದು. ಬ್ರೇಕ್ ಒತ್ತಿದರೆ ಕಾರು ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿದ ಹಾಗೆ ಮುಂದಕ್ಕೆ ಹೋಯಿತು. ಬಸ್ಸಿಗೆ ಒಂದು ಮೊಳ ಇರುವಾಗ ನಿಂತಿತು. ಅಪ್ಪ ಏನೂ ಮಾತಾಡಲಿಲ್ಲ. ಸೋಮೇಶ್ವರ ದಾಟುವ ತನಕ ಬಾಗಿಲ ಮೇಲಿನ ಹಿಡಿಯನ್ನು ಬಿಡಲೂ ಇಲ್ಲ.

ಮನೆಗೆ ಬಂದು ನೋಡಿದೆ. ಬಟನ್ ಇನ್ನೂ ಇದೆ. ಆದರೆ ಮಧ್ಯದ ಗೆರೆಗಳಲ್ಲಿ ಸಣ್ಣ ಸಣ್ಣ ಬಿರುಕು. ಉಗುರಿನಿಂದ ಒತ್ತಿದರೆ ರಬ್ಬರು ಒಳಗೆ ಹೋಗುವುದೇ ಇಲ್ಲ. ಪಕ್ಕದಲ್ಲಿ 4715 ಅಂತಿದೆ. ಪಂಕ್ಚರ್ ಅಂಗಡಿಯವರು ಇನ್ನೊಂದು ವರ್ಷ ಓಡಿಸಿ ಅಂದರು. ಇನ್ನೊಂದು ಅಂಗಡಿಯಲ್ಲಿ ನಾಲ್ಕೂ ಬದಲಾಯಿಸಿ ಅಂತಾರೆ. ಯಾರ ಮಾತು ಕೇಳಲಿ?

ಹಾಸನ_ಟೈರ್_ಕೆಲಸ:
ಸರ್, ನಾಲ್ಕೂ ಬದಲಾಯಿಸಿ. 4715 ಅಂದರೆ 2015ರ 47ನೇ ವಾರ, ಅಂದರೆ ನವೆಂಬರಿನಲ್ಲಿ ತಯಾರಾದ ಟೈರು. ರಬ್ಬರು ಓಡಿದರೂ ಹಳೇದಾಗುತ್ತದೆ, ಸುಮ್ನೆ ನಿಂತರೂ ಹಳೇದಾಗುತ್ತದೆ. ಗಟ್ಟಿಯಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಕಡಿಮೆ ಓಡಿದ ಕಾರುಗಳಲ್ಲೇ ಇದು ಜಾಸ್ತಿ, ಬಟನ್ ನೋಡಿ ಎಲ್ಲರೂ ಮೋಸ ಹೋಗುತ್ತಾರೆ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಟೈರು ಬಿಚ್ಚಿಸಿ ಒಳಗೂ ಹೊರಗೂ ತೋರಿಸಬೇಕು. ಹತ್ತು ವರ್ಷದ ಮೇಲೆ ಹೇಗೇ ಇದ್ದರೂ ಬೇಡ.

ಬಟನ್ ಲೆಕ್ಕ ಬೇರೆ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ. ಬಟನ್ ಸವೆದು ಅದರ ಮಟ್ಟಕ್ಕೆ ಬಂತು ಅಂದರೆ ಉಳಿದಿದ್ದು 1.6 ಮಿ.ಮೀ., ಅದು ಕಾನೂನಿನ ಕೊನೆಯ ಮಿತಿ. ನಿಮ್ಮ ಕಡೆಯ ಮಳೆಗೆ ಅಲ್ಲಿಯ ತನಕ ಕಾಯಬೇಡಿ, 3 ಮಿ.ಮೀ. ಇರುವಾಗಲೇ ತೆಗೆಸಿ. ನೀರು ಹೊರಗೆ ಹೋಗಲು ಜಾಗ ಬೇಕಲ್ವಾ?

ಪುತ್ತೂರಿನ_ಅಮ್ಮ:
ಈಗ ಎರಡಕ್ಕೇ ದುಡ್ಡು ಇರುವುದು ಅಂತಾದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ನಾನು ಗೊತ್ತಿಲ್ಲದೆ ಮುಂದಕ್ಕೆ ಹಾಕಿಸಿದ್ದೆ. ಶಿರಾಡಿಯಲ್ಲಿ ಮಳೆಗೆ ಕಾರಿನ ಹಿಂಭಾಗವೇ ಬೀಸಿ ಅಡ್ಡ ತಿರುಗಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಆ ಹೊತ್ತಿಗೆ ಎದುರಿಗೆ ಲಾರಿ ಇರಲಿಲ್ಲ, ಅದಕ್ಕೆ ಉಳಿದೆವು.

ಹಾಸನ_ಟೈರ್_ಕೆಲಸ:
ಅಮ್ಮ ಹೇಳಿದ್ದು ಸರಿ. ಮುಂದಿನ ಟೈರು ಜಾರಿದರೆ ಆಕ್ಸಿಲರೇಟರ್ ಬಿಟ್ಟು ನಿಧಾನ ಮಾಡಿ ಸುಧಾರಿಸಬಹುದು. ಹಿಂದಿನದು ಜಾರಿದರೆ ಕಾರು ಸುತ್ತುತ್ತದೆ, ಹಿಡಿಯುವುದು ಕಷ್ಟ. ಆದರೆ ಸರ್, ನಿಮ್ಮ ನಾಲ್ಕೂ ಒಂದೇ ವಯಸ್ಸಿನವು. ಎರಡು ಮಾತ್ರ ಹಾಕಿಸಿದರೆ ಮುಂದೆ ಅದೇ ಗಟ್ಟಿ ರಬ್ಬರು ಉಳಿಯುತ್ತದೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರಿನಲ್ಲಿರುವ ಸೈಜನ್ನೇ ತಗೊಳ್ಳಿ. ಹಾಕುವ ಮೊದಲು ನಾಲ್ಕೂ ಟೈರು ತಯಾರಾದ ತಾರೀಖನ್ನು ನೀವೇ ನೋಡಿ. ವಾಲ್ವ್ ಹೊಸದಿರಲಿ. ಬ್ಯಾಲೆನ್ಸಿಂಗ್ (ಚಕ್ರದ ತೂಕ ಸಮ ಮಾಡುವುದು), ಅಲೈನ್‌ಮೆಂಟ್ (ಚಕ್ರಗಳ ದಿಕ್ಕು ಸರಿ ಮಾಡುವುದು) ಬಿಡಬೇಡಿ.

ತೀರ್ಥಹಳ್ಳಿ_ಸ್ವಿಫ್ಟ್:
ನಿನ್ನೆ ನಾಲ್ಕೂ ಹಾಕಿಸಿದೆ, ಸ್ಟಿಕರಿನಲ್ಲಿದ್ದ ಸೈಜೇ, 165/80 ಆರ್14. ತಾರೀಖು ನೋಡಿ ಅಂದಿದ್ದು ದೊಡ್ಡ ಉಪಕಾರ ಆಯಿತು ಸರ್. ಮೊದಲು ತಂದ ಜೋಡಿಯಲ್ಲಿ 3022 ಅಂತಿತ್ತು. ಬೇಡ ಅಂದೆ. ಒಳಗೆ ಹೋಗಿ 1924 ಅಂತಿದ್ದದ್ದು, ಅಂದರೆ 2024ರ 19ನೇ ವಾರದ್ದು ತಂದರು, ಬೆಲೆ ಅದೇ. ಹಳೇ ಟೈರನ್ನು ಬಿಚ್ಚಿದ ಹುಡುಗ ಅದನ್ನು ಎರಡೂ ಕೈಯಲ್ಲಿ ಬಗ್ಗಿಸಿ ತೋರಿಸಿದ. ಬಿರುಕುಗಳು ಬಾಯಿ ತೆರೆದವು. ಒಂದರೊಳಗೆ ದಾರದ ಎಳೆಯೇ ಕಂಡಿತು. ಅದರ ಮೇಲೆ ಅಪ್ಪನನ್ನು ಕೂರಿಸಿಕೊಂಡು ಘಾಟಿ ಇಳಿದಿದ್ದೆ ಅಂತ ನೆನೆದು ಕೈ ನಡುಗಿತು.

ಸ್ಟೆಪ್ನಿ ಒಮ್ಮೆಯೂ ಓಡಿಲ್ಲ, ಹೊಸ ಟೈರಿನ ಮೇಲಿರುವ ರಬ್ಬರಿನ ಕೂದಲು ಕೂಡ ಹಾಗೇ ಇದೆ. ಅದರಲ್ಲೂ 4715. ಅದನ್ನೂ ಬಿಡಬೇಕಾ?

ಹಾಸನ_ಟೈರ್_ಕೆಲಸ:
ಬಿಡಬೇಕು ಸರ್. ಸದ್ಯಕ್ಕೆ ಪಂಕ್ಚರ್ ಆದರೆ ಹತ್ತಿರದ ಅಂಗಡಿ ತನಕ ನಿಧಾನಕ್ಕೆ ಹೋಗಲು ಮಾತ್ರ. ಹೊಸ ಟೈರಿನಲ್ಲಿ ಮೊದಲ 200 ಕಿ.ಮೀ. ಜೋರಾಗಿ ಬ್ರೇಕ್ ಹಾಕಬೇಡಿ, ಮೇಲಿನ ನುಣುಪು ಹೋಗಬೇಕು. 100 ಕಿ.ಮೀ. ಆದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿಸಿ.

ತೀರ್ಥಹಳ್ಳಿ_ಸ್ವಿಫ್ಟ್:
ಆಯಿತು ಸರ್. ಅಪ್ಪನನ್ನು 20ಕ್ಕೆ ಮತ್ತೆ ಮಣಿಪಾಲಕ್ಕೆ ಬರಲು ಹೇಳಿದ್ದಾರೆ. ಅಷ್ಟರೊಳಗೆ ಐದನೆಯದನ್ನೂ ತಂದು ಹಾಕಿಸುತ್ತೇನೆ.